ವೈದ್ಯಕೀಯ ಗಾಂಜಾಕ್ಕೆ ಅರ್ಹ ಕಾಯಿಲೆಗಳು: ಪಟ್ಟಿಯನ್ನು ನಾನು ಓದಲು ಕಲಿತದ್ದು

ಅಮೆರಿಕದ ರಾಜ್ಯಗಳಲ್ಲಿ ಯಾವ ಕಾಯಿಲೆ ಇದ್ದವರಿಗೆ ವೈದ್ಯಕೀಯ ಗಾಂಜಾ ಸಿಗುತ್ತದೆ ಅನ್ನುವ ಪಾಠ ನನಗೆ ಮೊದಲು ತುಂಬಾ ಸುಲಭ ಅನ್ನಿಸಿತ್ತು. ಹತ್ತು ಹನ್ನೆರಡು ಹೆಸರು ಬಾಯಿಪಾಠ ಮಾಡಿದರೆ ಮುಗಿಯಿತು ಅಂದುಕೊಂಡೆ. ಕ್ಯಾನ್ಸರ್, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ), ಎಚ್‌ಐವಿ, ಅಪಸ್ಮಾರ, ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ರೋಗ), ಕ್ರೋನ್ಸ್ (ಕರುಳಿನ ಉರಿಯೂತ), ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಸಾಯುವ ರೋಗ), ಪಾರ್ಕಿನ್ಸನ್ಸ್, ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ), ದೀರ್ಘಕಾಲದ ನೋವು. ಹೆಸರುಗಳು ಬಂದವು, ಆದರೆ ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ತಪ್ಪುತ್ತಲೇ ಇತ್ತು. ಯಾಕೆ ಅಂತ ಈಗ ಗೊತ್ತಾಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಡಾಕ್ಟರ್ ಬರೆದುಕೊಡುವುದಿಲ್ಲ

ಇದು ಬೇಗ ಮುಗಿಯುವ ಭಾಗ. 1970ರ ಕೇಂದ್ರ ಕಾನೂನು ಗಾಂಜಾವನ್ನು ಮೊದಲನೇ ಶೆಡ್ಯೂಲ್‌ಗೆ ಸೇರಿಸಿತು. ಅಂದರೆ ವೈದ್ಯಕೀಯ ಬಳಕೆಗೆ ಒಪ್ಪಿಗೆ ಇಲ್ಲದ ವಸ್ತುಗಳ ಗುಂಪಿಗೆ. ಅದನ್ನು ಮೂರನೇ ಶೆಡ್ಯೂಲ್‌ಗೆ (ವೈದ್ಯಕೀಯ ಬಳಕೆಗೆ ಒಪ್ಪಿಗೆ ಇರುವ ಗುಂಪಿಗೆ) ಇಳಿಸುವ ಪ್ರಸ್ತಾವ ಬಂದದ್ದು 2024ರಲ್ಲಿ. ಹಾಗಾಗಿ ಬಹುತೇಕ ರಾಜ್ಯಗಳ ಕಾನೂನಿನಲ್ಲಿ ಡಾಕ್ಟರ್ ಔಷಧಿ ಚೀಟಿ ಬರೆಯುವುದಿಲ್ಲ. ಈ ರೋಗಿಗೆ ಪಟ್ಟಿಯಲ್ಲಿರುವ ಕಾಯಿಲೆ ಇದೆ ಅಂತ ಪ್ರಮಾಣೀಕರಿಸುತ್ತಾರೆ, ಅಷ್ಟೇ. ರೋಗಿಗೆ ಕಾರ್ಡ್ ಕೊಡುವುದು ರಾಜ್ಯ. ಗಾಂಜಾ ಸಿಗುವುದು ಡಿಸ್ಪೆನ್ಸರಿ ಅನ್ನುವ, ರಾಜ್ಯ ಲೈಸೆನ್ಸ್ ಕೊಟ್ಟ ಗಾಂಜಾ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಅಲ್ಲ. ಹೀಗೆ ಸಲಹೆ ಕೊಡುವುದು ಡಾಕ್ಟರ್‌ಗಳ ವಾಕ್ ಸ್ವಾತಂತ್ರ್ಯ, ಅದಕ್ಕಾಗಿ ಅವರ ಲೈಸೆನ್ಸ್ ಕಿತ್ತುಕೊಳ್ಳುವಂತಿಲ್ಲ ಅಂತ 2002ರಲ್ಲಿ ಕೊನಾಂಟ್ ವಿರುದ್ಧ ವಾಲ್ಟರ್ಸ್ ಮೊಕದ್ದಮೆಯಲ್ಲಿ ಒಂಬತ್ತನೇ ಸರ್ಕಿಟ್ ಅನ್ನುವ ಕೇಂದ್ರ ಮೇಲ್ಮನವಿ ನ್ಯಾಯಾಲಯ ಹೇಳಿತು.

ಎರಡು ಬಾಗಿಲು (ನಾನು ಎಡವಿದ್ದು ಇಲ್ಲೇ)

ಒಂದು ಪ್ರಶ್ನೆ ಹೀಗಿತ್ತು: ಬೆನ್ನುಹುರಿಗೆ ಪೆಟ್ಟು ಬಿದ್ದ ಒಬ್ಬರಿಗೆ ಕಾಲಿನ ಸ್ನಾಯುಗಳು ಸದಾ ಸೆಟೆದುಕೊಳ್ಳುತ್ತವೆ. ಕೊಲೊರಾಡೊದ 2000ನೇ ಇಸವಿಯ ತಿದ್ದುಪಡಿಯ ಪ್ರಕಾರ ಅವರು ಅರ್ಹರೇ? ಪಟ್ಟಿಯಲ್ಲಿ ಹುಡುಕಿದೆ. ಕ್ಯಾನ್ಸರ್, ಗ್ಲಾಕೋಮಾ, ಎಚ್‌ಐವಿ ಇದ್ದವು. ಬೆನ್ನುಹುರಿ ಇರಲಿಲ್ಲ. ಇಲ್ಲ ಅಂತ ಬರೆದೆ. ಸರಿ ಉತ್ತರ: ಹೌದು.

ಮೂಲ ಪಠ್ಯವನ್ನು ನಾಲ್ಕು ಸಲ ಓದಿದ ಮೇಲೆ ಅರ್ಥವಾಯಿತು. ಅಲ್ಲಿರುವುದು ಒಂದು ಪಟ್ಟಿ ಅಲ್ಲ, ಎರಡು. ಮೊದಲನೆಯದು ರೋಗಗಳ ಹೆಸರು. ನಿಮ್ಮ ರೋಗದ ಹೆಸರು ಅಲ್ಲಿದ್ದರೆ ಒಳಗೆ ಬಂದಿರಿ. ಎರಡನೆಯದು ಲಕ್ಷಣಗಳು: ಮೈ ಸೊರಗಿ ಸವೆಯುವುದು, ತೀವ್ರ ನೋವು, ತೀವ್ರ ವಾಕರಿಕೆ, ಫಿಟ್ಸ್, ಬಿಡದ ಸ್ನಾಯು ಸೆಳೆತ. ಇವುಗಳ ಹಿಂದಿನ ರೋಗ ಯಾವುದೇ ಇರಲಿ, ಅದು ದೀರ್ಘಕಾಲದ್ದೋ ಮನುಷ್ಯನನ್ನು ಹಣ್ಣು ಮಾಡುವಂಥದ್ದೋ ಆಗಿದ್ದರೆ ಸಾಕು. ನಾನು ಇವನ್ನು ಹೆಸರಿನ ಬಾಗಿಲು, ಲಕ್ಷಣದ ಬಾಗಿಲು ಅಂತ ಕರೆಯುತ್ತೇನೆ. ಬೆನ್ನುಹುರಿಯ ರೋಗಿ ಬಂದದ್ದು ಎರಡನೇ ಬಾಗಿಲಿನಿಂದ. ಮಿಷಿಗನ್ (2008), ಅರಿಜೋನಾ (2010) ಕಾನೂನುಗಳೂ ಇದೇ ಅಚ್ಚಿನವು.

ಇನ್ನೂ ಒಂದು ಸಣ್ಣ ಮಾತು ಅದೇ ವಾಕ್ಯದಲ್ಲಿ ಅಡಗಿದೆ. ಅದನ್ನು ನಾನು ಮೂರು ಸಲ ದಾಟಿ ಹೋಗಿದ್ದೆ. ಲಕ್ಷಣವನ್ನು ರೋಗವೇ ಉಂಟುಮಾಡಬೇಕು ಅಂತ ಅಲ್ಲಿ ಇಲ್ಲ. ರೋಗ "ಅಥವಾ ಅದರ ಚಿಕಿತ್ಸೆ" ಉಂಟುಮಾಡಿದ್ದರೂ ಸರಿ ಅಂತ ಇದೆ. ಇದು ಯಾಕೆ ಮುಖ್ಯ ಅಂದರೆ, ಕ್ಯಾನ್ಸರ್ ರೋಗಿಯ ವಾಂತಿಗೆ ಎಷ್ಟೋ ಸಲ ಗೆಡ್ಡೆ ಕಾರಣ ಅಲ್ಲ, ಕೀಮೋ ಕಾರಣ. ಎಚ್‌ಐವಿಗೆ ಹಿಂದೆ ಕೊಡುತ್ತಿದ್ದ ಸ್ಟಾವುಡಿನ್‌ನಂಥ ಔಷಧಿಗಳು ಕೈಕಾಲಿನ ನರಗಳಿಗೆ ಹಾನಿ ಮಾಡಿ ಉರಿಯುವ ನೋವು ತರುತ್ತಿದ್ದವು. ಆ ನೋವು ವೈರಸ್‌ನದ್ದಾ, ಮಾತ್ರೆಯದ್ದಾ ಅಂತ ಬೇರ್ಪಡಿಸಲು ಹೋದರೆ ರೋಗಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. "ಅಥವಾ ಅದರ ಚಿಕಿತ್ಸೆ" ಅನ್ನುವ ಮೂರು ಪದ ಆ ಜಗಳವನ್ನೇ ತಪ್ಪಿಸಿದೆ. ಕಾನೂನು ಬರೆದವರು ರೋಗಿಯ ಹಾಸಿಗೆಯ ಪಕ್ಕ ಕೂತು ಬರೆದಂತಿದೆ ಅನ್ನಿಸಿತು ನನಗೆ.

ಆದರೆ ಎಲ್ಲಾ ರಾಜ್ಯಗಳಲ್ಲೂ ಲಕ್ಷಣದ ಬಾಗಿಲು ಇಷ್ಟು ಅಗಲವಾಗಿ ತೆರೆದಿಲ್ಲ. ಫ್ಲೋರಿಡಾ ನೋಡಿ. 2016ರಲ್ಲಿ ಜನರೇ ಮತ ಹಾಕಿ ತಂದ ರಾಜ್ಯ ಸಂವಿಧಾನದ ತಿದ್ದುಪಡಿಯ ಮೇಲೆ ಶಾಸನಸಭೆ ನಿಯಮ ಮಾಡಿತು. ಅಲ್ಲಿ ಕ್ಯಾನ್ಸರ್ ಅಲ್ಲದ ದೀರ್ಘಕಾಲದ ನೋವಿಗೂ ಜಾಗ ಇದೆ. ಆದರೆ ಆ ನೋವು ಪಟ್ಟಿಯಲ್ಲಿರುವ ಇನ್ನೊಂದು ಕಾಯಿಲೆಯಿಂದಲೇ ಹುಟ್ಟಿರಬೇಕು. ಈಗ ಸಂಧಿವಾತದ ರೋಗಿಯೊಬ್ಬರನ್ನು ಎರಡೂ ಕಡೆ ನಿಲ್ಲಿಸಿ ನೋಡಿ. ಕೊಲೊರಾಡೊದಲ್ಲಿ ತೀವ್ರ ನೋವು ಅನ್ನುವ ಒಂದೇ ಮಾತಿನಿಂದ ಅವರು ಒಳಗೆ ಬರಬಹುದು. ಫ್ಲೋರಿಡಾದಲ್ಲಿ ನೋವು ಒಂದೇ ಸಾಲದು, ಯಾಕೆಂದರೆ ಸಂಧಿವಾತದ ಹೆಸರು ಪಟ್ಟಿಯಲ್ಲಿಲ್ಲ. ಇದು ಪಟ್ಟಿಯ ಕಾಯಿಲೆಗಳಿಗೆ ಹೋಲುವಂಥದ್ದೇ ಅಂತ ಡಾಕ್ಟರ್ ದಾಖಲೆ ಸಮೇತ ತೋರಿಸಬೇಕು. ಒಂದೇ ಮೊಣಕಾಲು, ಒಂದೇ ನೋವು. ಗಡಿ ದಾಟಿದರೆ ಉತ್ತರ ಬೇರೆ.

ಹಾಗಾಗಿ ನನ್ನ ಉಪಾಯ: ಯಾವ ರಾಜ್ಯದ ಪಟ್ಟಿ ಸಿಕ್ಕಿದರೂ ಮೊದಲು ರೋಗದ ಹೆಸರುಗಳಿಗೆ ನೀಲಿ ಗೆರೆ, ಲಕ್ಷಣಗಳಿಗೆ ಕೆಂಪು ಗೆರೆ ಎಳೆಯಿರಿ. ಆಮೇಲೆ ಕೆಂಪು ಗೆರೆಯ ಅಕ್ಕಪಕ್ಕ "ಇದರಿಂದ ಉಂಟಾದ", "ಬೇರೆ ಚಿಕಿತ್ಸೆಗೆ ಬಗ್ಗದ" ಅನ್ನುವಂಥ ಷರತ್ತುಗಳನ್ನು ಹುಡುಕಿ. ಟೆಕ್ಸಸ್ 2015ರಲ್ಲಿ ಶುರು ಮಾಡಿದಾಗ ಒಳಗೆ ಬಿಟ್ಟಿದ್ದು ಬಗ್ಗದ ಅಪಸ್ಮಾರವನ್ನು ಮಾತ್ರ. ಬಗ್ಗದ್ದು ಅಂದರೆ ಎರಡು ಔಷಧಿಗಳನ್ನಾದರೂ ಸರಿಯಾಗಿ ಕೊಟ್ಟು ನೋಡಿಯೂ ಫಿಟ್ಸ್ ನಿಲ್ಲದ್ದು. ನೀಲಿ ಗೆರೆಯ ಹೆಸರಿಗೂ ಹೀಗೆ ಬೀಗ ಇರಬಹುದು ಅಂತ ಕಲಿತದ್ದು ಅಲ್ಲಿಂದ. ಅಲ್ಲಿನ ಪಟ್ಟಿ ಆಮೇಲೆ ಹಂತಹಂತವಾಗಿ ಬೆಳೆದಿದೆ.

ಪಟ್ಟಿಯೇ ಇಲ್ಲದ ಕಡೆ

ಒಕ್ಲಹೋಮಾ 2018ರಲ್ಲಿ ಪಟ್ಟಿ ಇಲ್ಲದೆಯೇ ಕಾನೂನು ತಂದಿತು. ಡಾಕ್ಟರ್‌ಗೆ ಸರಿ ಅನ್ನಿಸಿದರೆ ಸಾಕು. ನ್ಯೂಯಾರ್ಕ್ 2014ರಲ್ಲಿ ಪಟ್ಟಿ ಇಟ್ಟು, 2021ರ ಕಾನೂನಿನಲ್ಲಿ ಡಾಕ್ಟರ್ ಪ್ರಮಾಣೀಕರಿಸುವ ಬೇರೆ ಯಾವ ಕಾಯಿಲೆಗೂ ಅದನ್ನು ತೆರೆಯಿತು. ಕ್ಯಾಲಿಫೋರ್ನಿಯಾ 1996ರಲ್ಲಿ ಎಲ್ಲರಿಗಿಂತ ಮೊದಲು ಕಾನೂನು ತಂದಾಗಲೇ, ಹೆಸರುಗಳ ಕೊನೆಗೆ "ಗಾಂಜಾದಿಂದ ಉಪಶಮನ ಸಿಗುವ ಬೇರೆ ಯಾವುದೇ ಕಾಯಿಲೆ" ಅಂತ ಸೇರಿಸಿತ್ತು. ಅಂದಮೇಲೆ ಅದೂ ಪಟ್ಟಿ ಇಲ್ಲದಂತೆಯೇ ಅಲ್ವಾ.

ಪಟ್ಟಿಯಲ್ಲಿ ಇದೆ ಅಂದರೆ ಗುಣ ಸಿಗುತ್ತದೆ ಅಂತಲ್ಲ

ನನ್ನ ಎರಡನೇ ಗೊಂದಲ ಇದು. ಪಟ್ಟಿಯನ್ನು ಓದುತ್ತಾ ಓದುತ್ತಾ, ಇವೆಲ್ಲಕ್ಕೂ ಗಾಂಜಾ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆಯೇ ನಂಬಿಬಿಟ್ಟಿದ್ದೆ. 2017ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ ಬಂತು. ಗಟ್ಟಿ ಪುರಾವೆ ಇದೆ ಅಂತ ಅದು ಹೇಳಿದ ಉಪಯೋಗಗಳು ಮೂರೇ. ವಯಸ್ಕರ ದೀರ್ಘಕಾಲದ ನೋವು, ಕೀಮೋದಿಂದ ಬರುವ ವಾಕರಿಕೆ ಮತ್ತು ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳು ತಾವೇ ಹೇಳಿಕೊಳ್ಳುವ ಸ್ನಾಯು ಬಿಗಿತ. ಮೂರನೆಯದರಲ್ಲಿ "ತಾವೇ ಹೇಳಿಕೊಳ್ಳುವ" ಅನ್ನುವುದನ್ನು ಬಿಡಬೇಡಿ. ಡಾಕ್ಟರ್ ಕೈಯಿಂದ ಅಳೆದಾಗ ಸಿಕ್ಕಿದ ಪುರಾವೆ ಅಷ್ಟು ಗಟ್ಟಿ ಇರಲಿಲ್ಲ. ಪಿಟಿಎಸ್‌ಡಿಗೆ ನ್ಯೂ ಮೆಕ್ಸಿಕೊ 2009ರಲ್ಲೇ ಬಾಗಿಲು ತೆರೆದಿತ್ತು, ಆದರೆ 2017ರ ವರದಿ ಅದಕ್ಕೆ ಕೊಟ್ಟದ್ದು "ಸೀಮಿತ ಪುರಾವೆ" ಅನ್ನುವ ದರ್ಜೆ.

ಗ್ಲಾಕೋಮಾ ಇದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಗಾಂಜಾ ಕಣ್ಣಿನೊಳಗಿನ ಒತ್ತಡ ಇಳಿಸುತ್ತದೆ ಅಂತ 1971ರಲ್ಲೇ ಕಂಡುಬಂತು. ಅದು ನಿಜವೇ. ತೊಂದರೆ ಇರುವುದು ಹೊತ್ತಿನಲ್ಲಿ. ಪರಿಣಾಮ ಮೂರು ನಾಲ್ಕು ಗಂಟೆ ಮಾತ್ರ. ಗ್ಲಾಕೋಮಾದಲ್ಲಿ ಒತ್ತಡ ಹಗಲು ರಾತ್ರಿ ಹತೋಟಿಯಲ್ಲಿರಬೇಕು. 24 ಗಂಟೆಯನ್ನು ಮೂರರಿಂದ ಭಾಗಿಸಿ: ದಿನಕ್ಕೆ ಎಂಟು ಸಲ, ನಡುರಾತ್ರಿ ಎದ್ದು ಕೂಡ. ಅಷ್ಟು ತೆಗೆದುಕೊಂಡವರು ಗಾಡಿ ಓಡಿಸಲಾರರು, ಕೆಲಸ ಮಾಡಲಾರರು. ಜೊತೆಗೆ ಗಾಂಜಾ ರಕ್ತದೊತ್ತಡವನ್ನೂ ಇಳಿಸುತ್ತದೆ. ಕಣ್ಣಿನ ನರಕ್ಕೆ ರಕ್ತ ಕಡಿಮೆಯಾದರೆ, ಉಳಿಸಬೇಕಾದ ನರಕ್ಕೇ ಪೆಟ್ಟು ಬೀಳಬಹುದು. ಅದಕ್ಕೇ ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಇದನ್ನು ಶಿಫಾರಸು ಮಾಡುವುದಿಲ್ಲ. ಕಣ್ಣಿಗೆ ಹಾಕುವ ಹನಿಗಳು ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ.

ಹಾಗಿದ್ದರೆ ಗ್ಲಾಕೋಮಾ ಇಷ್ಟೊಂದು ಪಟ್ಟಿಗಳಲ್ಲಿ ಯಾಕಿದೆ? ಉತ್ತರ ಇತಿಹಾಸದಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ರಾಬರ್ಟ್ ರ‍್ಯಾಂಡಲ್ ಅನ್ನುವ ಗ್ಲಾಕೋಮಾ ರೋಗಿ ಮನೆಯಲ್ಲಿ ಗಾಂಜಾ ಬೆಳೆದು ಸಿಕ್ಕಿಬಿದ್ದರು. ದೃಷ್ಟಿ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಅಂತ ವಾಷಿಂಗ್ಟನ್ ಡಿಸಿಯ ನ್ಯಾಯಾಲಯದಲ್ಲಿ ವಾದಿಸಿ 1976ರಲ್ಲಿ ಗೆದ್ದರು. ಕೇಂದ್ರ ಸರ್ಕಾರವೇ ಅವರಿಗೆ ಗಾಂಜಾ ಸಿಗರೇಟು ಒದಗಿಸುವಂತಾಯಿತು. ಕುರುಡಾಗುವ ಭಯದಲ್ಲಿ ಒಬ್ಬ ಮನುಷ್ಯ ಗೆದ್ದ ಆ ಜಾಗ ಪಟ್ಟಿಗಳಲ್ಲಿ ಹಾಗೇ ಉಳಿದುಕೊಂಡಿದೆ. ಅದಕ್ಕೆ ನನಗೆ ಗೌರವ ಇದೆ. ಆದರೆ ಇವತ್ತಿನ ರೋಗಿಯೊಬ್ಬರು ಪಟ್ಟಿ ನೋಡಿ ಹನಿ ಹಾಕುವುದನ್ನು ನಿಲ್ಲಿಸಿದರೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ.

ಚೀಟಿ ಬರೆಯಬಹುದಾದವು

ಡಿಸ್ಪೆನ್ಸರಿಯ ಗಾಂಜಾ ಬೇರೆ, ಎಫ್‌ಡಿಎ (ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ) ಒಪ್ಪಿದ ಔಷಧಿಗಳು ಬೇರೆ. ಇವಕ್ಕೆ ರಾಜ್ಯದ ಕಾರ್ಡ್ ಬೇಡ. ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿಯನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಡ್ರೊನಾಬಿನಾಲ್‌ಗೆ 1985ರಲ್ಲಿ ಕೀಮೋ ವಾಂತಿಗಾಗಿ, 1992ರಲ್ಲಿ ಏಡ್ಸ್ ರೋಗಿಗಳ ಹಸಿವು ಮತ್ತು ತೂಕಕ್ಕಾಗಿ ಒಪ್ಪಿಗೆ ಸಿಕ್ಕಿತು. ಟಿಎಚ್‌ಸಿಯನ್ನು ಹೋಲುವ ಕೃತಕ ಔಷಧಿ ನಬಿಲೋನ್ ಕೂಡ 1985ರದ್ದೇ. ಗಿಡದಿಂದಲೇ ತೆಗೆದ ಶುದ್ಧ ಸಿಬಿಡಿಯ (ಗಾಂಜಾದ ಅಮಲೇರಿಸದ ಅಂಶದ) ಎಪಿಡಿಯೊಲೆಕ್ಸ್ ಬಂದದ್ದು 2018ರಲ್ಲಿ, ಡ್ರಾವೆ ಮತ್ತು ಲೆನಾಕ್ಸ್ ಗ್ಯಾಸ್ಟೊ ಅನ್ನುವ ಎರಡು ಕಠಿಣ ಅಪಸ್ಮಾರಗಳಿಗೆ. 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಆನುವಂಶಿಕ ರೋಗದ ಫಿಟ್ಸ್ ಸೇರಿತು. ಈ ರೋಗಗಳಿರುವ ಮಕ್ಕಳಲ್ಲಿ ಎಷ್ಟೋ ಜನ ಮೊದಲೇ ಕ್ಲೋಬಜಾಮ್ ಅನ್ನುವ ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿರುತ್ತಾರೆ. ಸಿಬಿಡಿ ಲಿವರ್‌ನ ಒಂದು ಕಿಣ್ವವನ್ನು ತಡೆಯುವುದರಿಂದ, ಕ್ಲೋಬಜಾಮ್ ಒಡೆದು ಉಳಿಯುವ ಚುರುಕಾದ ಅಂಶ ರಕ್ತದಲ್ಲಿ ಏರುತ್ತದೆ. ಮಗು ಜಾಸ್ತಿ ಮಂಪರಿನಲ್ಲಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ವಾಲ್ಪ್ರೊಯೇಟ್ ಅನ್ನುವ ಇನ್ನೊಂದು ಫಿಟ್ಸ್ ಔಷಧಿ ಜೊತೆಗಿದ್ದರೆ ಲಿವರ್ ಪರೀಕ್ಷೆಯ ಅಂಕಿಗಳ ಮೇಲೆ ಕಣ್ಣಿರಬೇಕು.

ಕೊನೆಗೆ ಒಂದು ತಿರುವು

ತೀವ್ರ ವಾಕರಿಕೆ ಕೆಂಪು ಗೆರೆಯ ಲಕ್ಷಣ ಅಲ್ವಾ? ಆದರೆ ವರ್ಷಗಟ್ಟಲೆ ದಿನವೂ ಗಾಂಜಾ ಬಳಸಿದ ಕೆಲವರಿಗೆ ಗಾಂಜಾದಿಂದಲೇ ಬಿಡದ ವಾಂತಿ ಶುರುವಾಗುತ್ತದೆ. ಇದಕ್ಕೆ ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಅಂತ ಹೆಸರು, 2004ರಲ್ಲಿ ಆಸ್ಟ್ರೇಲಿಯಾದಿಂದ ಮೊದಲ ವಿವರಣೆ ಬಂತು. ವಾಂತಿ ಕಡಿಮೆಯಾಗಲಿ ಅಂತ ರೋಗಿ ಇನ್ನೂ ಜಾಸ್ತಿ ಸೇದುತ್ತಾರೆ, ವಾಂತಿ ಇನ್ನೂ ಹೆಚ್ಚುತ್ತದೆ. ಗುರುತು ಹಿಡಿಯಲು ಒಂದು ಸರಳ ಪ್ರಶ್ನೆ ಇದೆ: ಬಿಸಿ ನೀರಿನ ಸ್ನಾನ ಮಾಡಿದರೆ ಆರಾಮ ಅನ್ನಿಸುತ್ತದಾ? ದಿನಕ್ಕೆ ಹಲವು ಸಲ, ಗಂಟೆಗಟ್ಟಲೆ ಬಿಸಿ ನೀರಿನ ಕೆಳಗೆ ನಿಲ್ಲುತ್ತೇನೆ ಅಂತ ರೋಗಿ ಹೇಳಿದರೆ, ಕಾರ್ಡ್‌ಗೆ ಸಹಿ ಹಾಕುವ ಮೊದಲು ಎಷ್ಟು ವರ್ಷದಿಂದ ಬಳಸುತ್ತಿದ್ದೀರಿ ಅಂತ ಕೇಳಬೇಕು.