ಸೊನ್ನೆ ಬರೆಯುವುದಕ್ಕೂ ಲಾಕ್ ಬೇಕು

“ಕೂಡುವಾಗ ಲಾಕ್ ಹಾಕಿದ್ದೀವಲ್ಲ ಸರ್, ಬರೀ ಸೊನ್ನೆ ಬರೆಯೋದಕ್ಕೂ ಯಾಕೆ?” ಕುಶಾಲನಗರದಿಂದ ಗೋಣಿಕೊಪ್ಪದವರೆಗೆ, ಕೋಡ್ ತೋರಿಸಲು ಬರುವ ಹುಡುಗರು ಇದನ್ನೇ ಕೇಳುತ್ತಾರೆ. ಜಾಣ ಮಕ್ಕಳು, ರಾತ್ರಿಯೆಲ್ಲ ಕೂತು ದುಡಿಯುವವರು. ಆದರೂ ಎಡವುವುದು ಇಲ್ಲೇ. ಒಂದೇ ಸಂಖ್ಯೆಯನ್ನು ಪ್ರೋಗ್ರಾಂನ ಎರಡು ಥ್ರೆಡ್‌ಗಳು, ಅಂದರೆ ಒಟ್ಟಿಗೇ ಓಡುವ ಎಳೆಗಳು, ಮುಟ್ಟುವಾಗ ಒಮ್ಮೆಗೆ ಒಂದೇ ಒಳಬರಲೆಂದು ಹಾಕುವ ತಡೆಯೇ ಲಾಕ್.

ಅಟಾಮಿಕ್ (ನಡುವೆ ಯಾರೂ ನುಸುಳಲಾಗದ) ಸೂಚನೆಗಳಿಲ್ಲದ ಚಿಪ್‌ಗೂ ಅದೇ ಪ್ರೋಗ್ರಾಂ ಒಯ್ಯಬೇಕಾದಾಗ ಮ್ಯೂಟೆಕ್ಸ್ ಎಂಬ ಲಾಕ್ ಹಿಡಿದು, ಓದಿ, ಕೂಡಿ, ಬರೆದು, ಬಿಡುವ ಫಂಕ್ಷನ್ ಮಾಡಿಕೊಳ್ಳುತ್ತೇವೆ. ಸರಿಯೇ. ಆದರೆ ಲಾಕ್ ಮೆಮೊರಿಯನ್ನು ಕಾಯುವುದಿಲ್ಲ; ಅದೇ ಲಾಕ್ ಕೇಳಿಕೊಂಡು ಬರುವ ಥ್ರೆಡ್‌ಗಳನ್ನಷ್ಟೇ ತಡೆಯುತ್ತದೆ. ಕೇಳದೆ ಬರೆಯುವ ಥ್ರೆಡ್‌ಗೆ ಅದು ಇದ್ದೂ ಇಲ್ಲ.

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ಮಳೆಮಾಪಕ ಕೂರಿಸಿದ್ದರು. ಅದರ ಬಕೆಟ್ ಒಮ್ಮೆ ವಾಲಿದರೆ 0.2 ಮಿ.ಮೀ. ಒಂದು ಥ್ರೆಡ್ ಪ್ರತಿ ಸಲ ವಾಲಿದಾಗ ಎಣಿಕೆಗೆ ಒಂದು ಕೂಡುತ್ತಿತ್ತು. ಇನ್ನೊಂದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಮಳೆದಿನ ಮುಗಿಯುವ ಹೊತ್ತಿಗೆ, ಮೊತ್ತ ಕಳಿಸಿ ಸೊನ್ನೆ ಬರೆಯುತ್ತಿತ್ತು. ಜುಲೈಯಲ್ಲಿ ಕೆಲವು ದಿನ ಹಿಂದಿನ ದಿನದ ಮಳೆಯೂ ಸೇರಿಕೊಂಡೇ ಬಂತು. ತಪ್ಪು ಹಿಡಿದವರು ತೋಟದ ಯಜಮಾನರು, ಇಂಚು-ಸೆಂಟ್ ಲೆಕ್ಕದ ತಮ್ಮ ಡೈರಿ ಮುಂದಿಟ್ಟುಕೊಂಡು. ಕೊಡಗಿನ ಮನೆಗಳ ಮಳೆ ಡೈರಿಗಳ ಮೇಲೆ ನನಗೆ ಬಲು ಗೌರವ.

ಆಗುತ್ತಿದ್ದುದಿಷ್ಟು. ಕೂಡುವ ಥ್ರೆಡ್ ಲಾಕ್ ಹಿಡಿದು, 412 ಎಂದು ಓದಿತು. ಅಷ್ಟರಲ್ಲಿ ಎರಡನೆಯದು ಲಾಕ್ ಕೇಳದೆ ಸೊನ್ನೆ ಬರೆಯಿತು. ಮೊದಲನೆಯದು 413 ಬರೆದು ಲಾಕ್ ಬಿಟ್ಟಿತು. ಸೊನ್ನೆ ಹೋಯಿತು.

“ಲ್ಯಾಪ್‌ಟಾಪ್‌ನಲ್ಲಿ ಸರಿಯಿತ್ತಲ್ಲ?” ಇರುತ್ತದೆ. ಇಂಟೆಲ್ ಚಿಪ್‌ನಲ್ಲಿ ಅಟಾಮಿಕ್ ಕೂಡಿಕೆ ಒಂದೇ ಸೂಚನೆ. ಸೊನ್ನೆ ಅದರ ಮೊದಲೋ ಆಮೇಲೋ ಬೀಳಬಹುದು, ನಡುವೆ ಬೀಳಲಾರದು. ಲಾಕ್‌ನಿಂದ ಅನುಕರಿಸಿದಾಗ ಆ ನಡುವಿನ ಸಂದು ತೆರೆದುಕೊಳ್ಳುತ್ತದೆ. ವೇರಿಯಬಲ್‌ಗೆ ವೊಲಟೈಲ್ ಎಂಬ ಪದ ಅಂಟಿಸಿದರೆ ಅದು ಮುಚ್ಚುವುದಿಲ್ಲ, ದಯವಿಟ್ಟು ಅಂಟಿಸಬೇಡಿ.

ಹಾಗಾಗಿ ಆ ವೇರಿಯಬಲ್ ಮುಟ್ಟುವ ಪ್ರತಿಯೊಂದು ಸಾಲೂ ಅದೇ ಲಾಕ್ ಮೂಲಕವೇ ಹೋಗಲಿ. ಓದುವುದೂ ಅಷ್ಟೇ: 32 ಬಿಟ್ ಚಿಪ್‌ನಲ್ಲಿ 64 ಬಿಟ್ ಸಂಖ್ಯೆ ಅರ್ಧ ಹಳೆಯದು, ಅರ್ಧ ಹೊಸದಾಗಿ ಕೈಗೆ ಬರಬಹುದು. ಮೊತ್ತ ಓದಿ ಸೊನ್ನೆ ಬರೆಯುವುದಂತೂ ಒಮ್ಮೆ ಹಿಡಿದ ಲಾಕ್‌ನೊಳಗೇ ಮುಗಿಯಬೇಕು, ಇಲ್ಲವಾದರೆ ನಡುವೆ ವಾಲಿದ ಬಕೆಟ್ ಲೆಕ್ಕಕ್ಕೆ ಸಿಗದು.

ಸಿ ಭಾಷೆಯ 2011ರ ಮಾನಕದ ಅಟಾಮಿಕ್ ಟೈಪ್ ಬಳಸಿದರೆ ಮಾಮೂಲಿ ‘=’ ಕೂಡ ಅಟಾಮಿಕ್ಕೇ; ಅಗತ್ಯವಿದ್ದರೆ ಲೈಬ್ರರಿಯೇ ಒಳಗೆ ಲಾಕ್ ಹಿಡಿಯುತ್ತದೆ. ಸಾಧ್ಯವಿದ್ದರೆ ಅದನ್ನೇ ಬಳಸಿ, ಪಾಯಿಂಟರ್ ಕ್ಯಾಸ್ಟ್ ಮಾಡಿ (ಅದನ್ನು ಮಾಮೂಲಿ ಸಂಖ್ಯೆಯೆಂದು ತೋರಿಸಿ) ತಪ್ಪಿಸಿಕೊಳ್ಳಬೇಡಿ. ಒಂದು ಎಚ್ಚರಿಕೆ: ಸಿಗ್ನಲ್ ಹ್ಯಾಂಡ್ಲರ್‌ನಿಂದಲೋ (ಥ್ರೆಡ್‌ನ ಕೆಲಸವನ್ನು ಅರ್ಧಕ್ಕೆ ತಡೆದು ನಡುವೆ ಓಡುವ ಫಂಕ್ಷನ್) ಎರಡು ಪ್ರೋಸೆಸ್‌ಗಳು (ಬೇರೆಬೇರೆಯಾಗಿ ಓಡುವ ಪ್ರೋಗ್ರಾಂಗಳು) ಹಂಚಿಕೊಂಡ ಮೆಮೊರಿಯಲ್ಲೋ ಈ ಅನುಕರಣೆಯನ್ನು ನಂಬುವ ಮುನ್ನ ನಿಮ್ಮ ಲೈಬ್ರರಿಯ ಲಾಕ್ ಎಲ್ಲಿ ಕೂತಿದೆ ಎಂದು ನೋಡಿ. ಮೊದಲನೆಯದರಲ್ಲಿ ಥ್ರೆಡ್ ತಾನೇ ಹಿಡಿದ ಲಾಕ್‌ಗೆ ಕಾಯುತ್ತಾ ನಿಂತುಬಿಡಬಹುದು. ಎರಡನೆಯದರಲ್ಲಿ ಪ್ರೋಸೆಸ್‌ಗೊಂದು ಬೇರೆಯೇ ಲಾಕ್ ಇರಬಹುದು.