ಪಿಂತುರಾ ಕೊಂಡಿರಾ, ಕ್ವಾದ್ರೊ ಕೊಂಡಿರಾ?

ಸ್ಪ್ಯಾನಿಷ್ ಕಲಿಸುವ ನನಗೆ ಪ್ರತಿ ಬ್ಯಾಚಿನಲ್ಲೂ ಈ ವಾಕ್ಯ ಸಿಗುತ್ತದೆ: ‘ಕೊಂಪ್ರೆ ಪಿಂತುರಾ’. ಬರೆದವರ ಮನಸ್ಸಿನಲ್ಲಿರುವುದು ‘ಪೇಂಟಿಂಗ್ ಕೊಂಡೆ’ ಅಂತ. ಓದುವ ಮ್ಯಾಡ್ರಿಡಿನವರಿಗೆ ಕಾಣುವುದು ಬಣ್ಣದ ಡಬ್ಬ. ಪಿಂತುರಾ ಅಂದರೆ ಬಣ್ಣವೂ ಹೌದು, ಚಿತ್ರವೂ ಹೌದು, ಚಿತ್ರಕಲೆಯೂ ಹೌದು. ಪದಕ್ಕೆ ಮೊದಲು ‘ಉನಾ’ (ಒಂದು) ಬಂದರೆ ಒಂದು ಚಿತ್ರ. ಕನ್ನಡದಲ್ಲಿ ‘ಒಂದು’ ಇಲ್ಲದಿದ್ದರೂ ನಡೆಯುತ್ತದೆ ಅಲ್ವಾ, ಅದಕ್ಕೇ ನಾವು ‘ಉನಾ’ವನ್ನು ನುಂಗಿಬಿಡುತ್ತೇವೆ.

ಗೋಡೆಗೆ ತೂಗುಹಾಕುವ ಚಿತ್ರಕ್ಕೆ ‘ಕ್ವಾದ್ರೊ’ ಅನ್ನಿ, ಗೊಂದಲ ಕಡಿಮೆ. ಪದದ ಮೂಲದಲ್ಲಿ ಚೌಕ ಇದೆ. ಚೌಕಳಿ ಅಂಗಿಯ ಚೌಕಕ್ಕೂ ಇದೇ ಪದ. ನಾಲ್ಕು ಮೂಲೆ ಇರುವ, ಮೊಳೆಯಿಂದ ಇಳಿಸಿ ಬೇರೆ ಕಡೆ ಒಯ್ಯಬಹುದಾದ ವಸ್ತು ಅದು.

ಹಾಗಾದರೆ ಸ್ಪೇನಿನ ಚಿತ್ರಕಾರ ಗೊಯಾನ ಪ್ರಸಿದ್ಧ ಕಪ್ಪು ಚಿತ್ರಗಳನ್ನು ‘ಪಿಂತುರಾಸ್ ನೇಗ್ರಾಸ್’ ಅನ್ನುವುದೇಕೆ? ಮುದುಕನಾದ ಗೊಯಾ 1819ರಲ್ಲಿ ಮ್ಯಾಡ್ರಿಡ್ ಹೊರಗೆ ಒಂದು ಮನೆ ಕೊಂಡ. ಅದರ ಗೋಡೆಗಳ ಮೇಲೇ ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳಿವು. ಚೌಕಟ್ಟಿಲ್ಲ, ಇಳಿಸುವ ಹಾಗಿಲ್ಲ. 1874ರಿಂದ ಅವುಗಳನ್ನು ಗೋಡೆಯಿಂದ ಬಿಡಿಸಿ ಕ್ಯಾನ್ವಾಸಿಗೆ ಏರಿಸಿದರು. ಆ ಕೆಲಸದಲ್ಲಿ ಚಿತ್ರಗಳಿಗೆ ಪೆಟ್ಟೂ ಬಿತ್ತು. ಈಗ 14 ಚಿತ್ರಗಳೂ ಮ್ಯಾಡ್ರಿಡಿನ ಪ್ರಾದೊ ಮ್ಯೂಸಿಯಂನಲ್ಲಿವೆ. ಒಂದೊಂದನ್ನೇ ತೋರಿಸಿ ‘ಈ ಕ್ವಾದ್ರೊ’ ಅಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಒಟ್ಟಿಗೆ ಹೇಳುವಾಗ ಪಿಂತುರಾಸ್ ಅಂತಲೇ ಉಳಿದಿದೆ. ನನಗಂತೂ ಆ ಹೆಸರಿನಲ್ಲಿ ಹಳೇ ಗೋಡೆ ಕಾಣುತ್ತದೆ.

ಅದೇ ಗೊಯಾ 1799ರಲ್ಲಿ ಹೊರತಂದ ‘ಲೊಸ್ ಕಪ್ರಿಚೊಸ್’ನ 80 ಚಿತ್ರಗಳನ್ನು ಮಾತ್ರ ಕ್ವಾದ್ರೊ ಅನ್ನಬೇಡಿ. ಅವು ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದವು. ‘ಗ್ರಬಾದೊ’ ಅಥವಾ ‘ಎಸ್ತಾಂಪಾ’ ಸರಿ.

ಏನೂ ತೋಚದಿದ್ದಾಗ ಎಲ್ಲರೂ ‘ಒಬ್ರಾ’ಕ್ಕೆ ಜೋತುಬೀಳುತ್ತಾರೆ. ನಮ್ಮ ‘ಕೃತಿ’ಯ ಹಾಗೆ ಎಲ್ಲಿಗೂ ಹೊಂದುತ್ತದೆ. ‘ಗೊಯಾನ ಒಬ್ರಾ’ ಅಂದರೆ ಅವನು ಬದುಕಿಡೀ ಮಾಡಿದ್ದೆಲ್ಲ. ಸುಮ್ನೆ ‘ನಮ್ಮ ಮನೆಯಲ್ಲಿ ಒಬ್ರಾಸ್ ನಡೀತಿದೆ’ ಅಂದರೆ ಮಾತ್ರ ಕೇಳಿದವರು ಗಾರೆ ಕೆಲಸದವರು ಬಂದಿದ್ದಾರೆ ಅಂದುಕೊಳ್ಳುತ್ತಾರೆ.

ಶಿಲ್ಪದ ಕಡೆ ಒಂದು ಸೂಕ್ಷ್ಮ ಇದೆ. ಈಸ್ಟರ್ ಹಿಂದಿನ ವಾರ ಸ್ಪೇನಿನ ಸೆವಿಲ್ಯ ನಗರದ ಬೀದಿಗಳಲ್ಲಿ ಯೇಸು, ಮೇರಿಯರ ಮೂರ್ತಿಗಳನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಅವು ಮರದಲ್ಲಿ ಕೆತ್ತಿದವು. ಕೆತ್ತನೆಯ ಬಗ್ಗೆ ಮಾತಾಡುವವರು ‘ತಾಯಾ’ ಅನ್ನುತ್ತಾರೆ. ಭಕ್ತರಿಗೆ ಅದು ‘ಇಮಾಹೆನ್’. ಅದನ್ನು ‘ಎಸ್ತಾತುವಾ’ (ಪ್ರತಿಮೆ) ಅಂದರೆ ಕಿವಿಗೆ ಇರುಸುಮುರುಸು. ಇದನ್ನು ಕ್ಲಾಸಿನಲ್ಲಿ ವಿವರಿಸಲು ನನಗೆ ಅರ್ಧ ನಿಮಿಷ ಸಾಕು. ಸರ್ಕಲ್ಲಿನಲ್ಲಿ ಗಾಂಧಿ ಪ್ರತಿಮೆ ಇದೆ, ತೇರಿನಲ್ಲಿ ಉತ್ಸವಮೂರ್ತಿ ಇದೆ. ತೇರಿನಲ್ಲಿರುವುದನ್ನು ‘ಪ್ರತಿಮೆ’ ಅಂತ ಅಜ್ಜಿಯ ಮುಂದೆ ಹೇಳಿ ನೋಡಿ ಅನ್ನುತ್ತೇನೆ. ಎಲ್ಲರೂ ನಗುತ್ತಾರೆ.