ಎಲುಬು ಕೂಡಿದೆ, ಅವ್ವ ಯಾಕೆ ಹೊರಸು ಬಿಟ್ಟು ಏಳುತ್ತಿಲ್ಲ?

ಪ್ರಶ್ನೆ: ನಮ್ಮ ಅವ್ವಗೆ 74 ವರ್ಷ. ಬಚ್ಚಲದಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರೀತು. ರಾಡ್ ಹಾಕಿಸಿ ಎರಡು ತಿಂಗಳಾಯ್ತು. ಎಕ್ಸ್‌ರೇ ಚಲೋ ಇದೆ ಅಂತಾರೆ ಡಾಕ್ಟರು. ಆದ್ರೆ ಅವ್ವ ಹೊರಸು ಬಿಟ್ಟು ಏಳೋದಿಲ್ಲ, ಮಾತೂ ಕಡಿಮೆ. ಮತ್ತೆ ಮೊದಲಿನ ಹಾಗೆ ಆಗ್ತಾಳಾ?
— ಬ್ಯಾಡಗಿ ಕಡೆಯ ಓದುಗರು

ಉತ್ತರ: ಎರಡೇ ತಿಂಗಳಿಗೆ ಕೈಚೆಲ್ಲಬೇಡಿ. ಈ ಮುರಿತದ ನಂತರ ನಡಿಗೆ ಜಾಸ್ತಿ ಸುಧಾರಿಸುವುದು ಮೊದಲ ಆರು ತಿಂಗಳಲ್ಲಿ. ಆಮೇಲೂ ವರ್ಷದವರೆಗೆ ಚೂರುಚೂರು ಬರುತ್ತದೆ. ಹಾಗಂತ ಸುಳ್ಳು ಭರವಸೆಯೂ ಬೇಡ. ಬೀಳುವ ಮೊದಲು ಹೇಗೆ ಓಡಾಡುತ್ತಿದ್ದರೋ ಅಷ್ಟೇ ಓಡಾಡುವ ಮಟ್ಟಕ್ಕೆ ಬರುವವರು ಅಂದಾಜು ಅರ್ಧದಷ್ಟು ಮಂದಿ. ಉಳಿದವರಿಗೆ ಕೋಲೋ ವಾಕರೋ ಜೊತೆಗೇ ಇರುತ್ತದೆ. ಇರಲಿ ಬಿಡಿ, ಕೋಲು ಹಿಡಿದೇ ಊರು ಸುತ್ತುವ ಅಜ್ಜಿಯರು ಎಷ್ಟಿಲ್ಲ.

ಬದುಕಿನ ಗುಣಮಟ್ಟ ಅಳೆಯಲು ಇಕ್ಯೂ-5ಡಿ ಎಂಬ ಪ್ರಶ್ನಾವಳಿ ಇದೆ. ಅದರಲ್ಲಿ ಕೇಳುವುದು ಐದೇ ವಿಷಯ: ನಡೆಯಲು ಆಗುತ್ತಾ, ಸ್ನಾನ-ಬಟ್ಟೆ ತಾವೇ ಮಾಡಿಕೊಳ್ಳುತ್ತಾರಾ, ದಿನದ ಕೆಲಸ ಸಾಗುತ್ತಾ, ನೋವಿದೆಯಾ, ಮನಸ್ಸಿಗೆ ಚಿಂತೆ-ಬೇಸರ ಇದೆಯಾ. ಎಕ್ಸ್‌ರೇ ಇದರಲ್ಲಿ ಒಂದಕ್ಕೂ ಉತ್ತರ ಹೇಳುವುದಿಲ್ಲ, ಅಲ್ವಾ?

ನನಗನ್ನಿಸುವಂತೆ ನಿಮ್ಮ ಅವ್ವನನ್ನು ಹೊರಸಿಗೆ ಕಟ್ಟಿಹಾಕಿರುವುದು ಕಾಲಲ್ಲ, ಮತ್ತೆ ಬಿದ್ದೇನು ಎಂಬ ಅಂಜಿಕೆ. ಮನೆಯವರ ಪ್ರೀತಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ‘ಯವ್ವಾ, ನೀ ಏಳಬ್ಯಾಡ, ನಾ ತರ್ತೀನಿ’ ಅಂತೀವಿ. ತಾಟು ಹೊರಸಿಗೇ ಬರುತ್ತದೆ, ಚಹಾನೂ ಅಲ್ಲಿಗೇ. ಕೂತಲ್ಲೇ ಕೂತರೆ ತೊಡೆಯ ಬಲ ಇಳಿಯುತ್ತದೆ, ಬಲ ಇಳಿದಷ್ಟೂ ಅಂಜಿಕೆ ಏರುತ್ತದೆ.

ಇನ್ನೊಂದು ಸಂಗತಿ ಅವ್ವ ಬಾಯಿಬಿಟ್ಟು ಹೇಳಲಿಕ್ಕಿಲ್ಲ: ಪಾಯಖಾನೆ. ಕುಕ್ಕರಗಾಲಲ್ಲಿ ಕೂರಲು ಈಗ ಆಗುವುದಿಲ್ಲ. ರಾತ್ರಿ ಸೊಸೆಯನ್ನು ಎಬ್ಬಿಸಲು ಸಂಕೋಚ. ಹಾಗಾಗಿ ಎಷ್ಟೋ ಹಿರಿಯರು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಆಮೇಲೆ ಮಲಬದ್ಧತೆ, ಉರಿಮೂತ್ರ, ಸುಸ್ತು. ಒಂದು ಕಮೋಡ್ ಕುರ್ಚಿ, ಗೋಡೆಗೆ ಹಿಡಿಕೆ, ರಾತ್ರಿ ಉರಿಯುವ ಸಣ್ಣ ಬಲ್ಬು, ಇಷ್ಟು ಮಾಡಿ ನೋಡಿ. ನೆಲಕ್ಕೆ ಹಾಸಿದ ಕೌದಿ, ಗೋಣಿಚೀಲ ಎತ್ತಿಬಿಡಿ. ಹೊರಸು ತೀರಾ ತಗ್ಗಿದ್ದರೆ ಕಾಲಿಗೆ ಗಟ್ಟಿ ಆಸರೆ ಕೊಟ್ಟು ಎತ್ತರಿಸಿ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು.

ಎಷ್ಟು ಭಾರ ಊರಬಹುದು ಅಂತ ಡಾಕ್ಟರನ್ನು ಸ್ಪಷ್ಟವಾಗಿ ಕೇಳಿ, ಫಿಸಿಯೋಥೆರಪಿ ಬಿಡಿಸಬೇಡಿ. ಜೊತೆಗೆ ಕೈಗೆ ಕೆಲಸ ಕೊಡಿ. ನಿಮ್ಮ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸದ ಕೈ ಯಾವುದು? ಪಡಸಾಲೆಯಲ್ಲಿ ಕೈಯಿರುವ ಕುರ್ಚಿ, ಮುಂದೆ ಮೇಜಿನ ಮೇಲೆ ಮೊರ. ಕುರ್ಚಿ ಹೊರಸಿನಿಂದ ಹತ್ತು ಹೆಜ್ಜೆ ದೂರ ಇರಲಿ. ಯಾರಾದರೂ ಪಕ್ಕದಲ್ಲಿ ನಡೆಯಿರಿ, ಎತ್ತಿಕೊಂಡು ಹೋಗಬೇಡಿ. ವಾರಕ್ಕಿಷ್ಟು ಅಂತ ಕುರ್ಚಿ ಕಟ್ಟೆಯ ಕಡೆ ಸರಿಯಲಿ. ಓಣಿಯವರು ಕಂಡರೆ ಮಾತು ತಾನೇ ಬರುತ್ತದೆ. ಇಷ್ಟಾದರೂ ಮಂಕು ಹೋಗದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ. ಖಿನ್ನತೆಗೆ ಔಷಧಿ ಇದೆ.

ತೊಡೆಸಂದಿನಲ್ಲಿ ಹೊಸದಾಗಿ ನೋವು ಎದ್ದರೆ, ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಊಟಕ್ಕೆ ರೊಟ್ಟಿ ಜೊತೆ ಕಾಳುಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ.

ಕೊನೆಗೊಂದು. ಸುಮ್ನೆ ಜಾರಿ ಬಿದ್ದಿದ್ದಕ್ಕೇ ಮುರಿದಿದೆ ಅಂದರೆ ಎಲುಬು ಮೊದಲೇ ಸವೆದಿತ್ತು ಅಂತ ಅರ್ಥ. ರಾಡ್ ಇರುವುದು ಒಂದು ಕಡೆ, ಇನ್ನೊಂದು ಕಡೆಯ ಎಲುಬಿಗೂ ಅದೇ ವಯಸ್ಸು. ವಿಟಮಿನ್ ಡಿ ಬಗ್ಗೆ, ವರ್ಷಕ್ಕೊಮ್ಮೆ ಸಲೈನ್‌ನಂತೆ ಏರಿಸುವ, ಎಲುಬು ಸವೆಯುವುದನ್ನು ತಡೆಯುವ ಝೊಲೆಡ್ರೋನಿಕ್ ಆಸಿಡ್ ಎಂಬ ಔಷಧಿ ಬಗ್ಗೆ ಮುಂದಿನ ಸಲ ತೋರಿಸಲು ಹೋದಾಗ ನೀವೇ ಕೇಳಿ. ಅದನ್ನು ಕೊಡುವ ಮೊದಲು ಕಿಡ್ನಿ ಮತ್ತು ಕ್ಯಾಲ್ಸಿಯಂ ನೋಡಲು ರಕ್ತ ಪರೀಕ್ಷೆ ಮಾಡಿಸುತ್ತಾರೆ.